ಕರಿ ಕೋಟಿನ ಹರಿಶ್ಚಂದ್ರ

ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಅಂತ ಒಂದು ರಂಗಮಂದಿರ ಇದೆ. ನಮ್ಮ ಊರಿನ ಮಕ್ಕಳಿಗೆ ಆ ಕಟ್ಟಡ ಗೊತ್ತು, ರಾಘವ ಯಾರು ಅಂತ ಗೊತ್ತಿಲ್ಲ. ಮೊನ್ನೆ ಮೊಮ್ಮಗನನ್ನು ಕೇಳಿದೆ. "ಮಂತ್ರಾಲಯದ ರಾಯರಲ್ವಾ ತಾತ?" ಅಂದ. ಪಕ್ಕದಲ್ಲಿ ಕೂತಿದ್ದ ಅವನ ಗೆಳೆಯ, "ಅಲ್ಲಪ್ಪಾ, ರಾಮನ ಇನ್ನೊಂದು ಹೆಸರು" ಅಂತ ತಿದ್ದಿದ. ಇಬ್ಬರಿಗೂ ಅರ್ಧರ್ಧ ಮಾರ್ಕು ಕೊಟ್ಟೆ. ಈ ವಾರ ಆ ರಾಘವರ ಕಥೆಯನ್ನೇ ಬರೆಯೋಣ ಅನ್ನಿಸಿತು.

ಪೂರ್ತಿ ಹೆಸರು ತಾಡಿಪತ್ರಿ ರಾಘವಾಚಾರ್ಯರು. ಹುಟ್ಟಿದ್ದು 1880ರ ಆಗಸ್ಟ್ 2ರಂದು, ತಾಡಿಪತ್ರಿಯಲ್ಲಿ. ಅದು ಈಗ ಆಂಧ್ರದಲ್ಲಿದೆಯಲ್ಲ ಅಂತೀರಾ? ಆಗ ಅನಂತಪುರ ಅನ್ನುವ ಜಿಲ್ಲೆಯೇ ಇರಲಿಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅದನ್ನು ಮಾಡಿದರು. ಹಾಗಾಗಿ ರಾಘವರು ಹುಟ್ಟಿದಾಗ ತಾಡಿಪತ್ರಿಯೂ ಬಳ್ಳಾರಿ ಜಿಲ್ಲೆಯ ಊರೇ.

ಅವರನ್ನು ನಾಟಕದ ದಾರಿಗೆ ಹಚ್ಚಿದವರು ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು. ಮಾವ ಬಳ್ಳಾರಿಯಲ್ಲಿ ವಕೀಲರು. ನಾಟಕ ಬರೆಯುವುದು, ಆಡಿಸುವುದು ಅವರ ಹುಚ್ಚು. ಅದಕ್ಕೆಂದೇ ಸರಸ ವಿನೋದಿನಿ ಸಭಾ ಕಟ್ಟಿದ್ದರು. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರು, ಕೋಲಾಚಲಂ ಶ್ರೀನಿವಾಸರಾವ್. ಅವರದು ಸುಮನೋರಮ ಸಭಾ. ಬೆಳಿಗ್ಗೆ ಕೋರ್ಟಿನಲ್ಲಿ ಕರಿ ಕೋಟು, ಸಂಜೆ ಮುಖಕ್ಕೆ ಬಣ್ಣ! ಬಳ್ಳಾರಿಯ ಬಿಸಿಲು ಮನುಷ್ಯರನ್ನು ಏನೇನು ಮಾಡಿಸುತ್ತದೋ ಅಂತ ನಾವು ತಮಾಷೆ ಮಾಡುವುದುಂಟು. ಮಾವನ ಮನೆಯ ಹುಡುಗನಾದರೂ ರಾಘವರು ಕೋಲಾಚಲಂ ಅವರ ನಾಟಕಗಳಲ್ಲೂ ಆಡಿದರು. ವಿಜಯನಗರ ಹಾಳಾದ ಕಥೆಯ ನಾಟಕದಲ್ಲಿ ಅವರು ಹಾಕುತ್ತಿದ್ದ ಪಠಾಣ ರುಸ್ತುಮನ ಪಾತ್ರಕ್ಕೆ ದೊಡ್ಡ ಹೆಸರು ಬಂತು.

ಮದರಾಸಿನಲ್ಲಿ ಕಾನೂನು ಓದಿ ಬಂದು ರಾಘವರೂ ವಕೀಲರಾದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ವಾದಕ್ಕೆ ಎಷ್ಟು ಬೆಲೆ ಬಂತೆಂದರೆ ಸರ್ಕಾರವೇ ಅವರನ್ನು ಪಬ್ಲಿಕ್ ಪ್ರಾಸಿಕ್ಯೂಟರ್ ಮಾಡಿಕೊಂಡಿತು. ಮಕ್ಕಳೇ, ಹಾಗೆಂದರೆ ಸರ್ಕಾರಿ ವಕೀಲರು. ಕಳ್ಳತನವೋ ಕೊಲೆಯೋ ಆದಾಗ ಸರ್ಕಾರದ ಪರವಾಗಿ ನ್ಯಾಯಾಧೀಶರ ಮುಂದೆ ನಿಂತು ವಾದ ಮಾಡುವವರು. ಜವಾಬ್ದಾರಿಯ ಕೆಲಸ. ಸಾಕ್ಷಿ ಹೇಳುವವನ ಮುಖ ಓದಬೇಕು, ಯಾವ ಮಾತಿಗೆ ಅವನ ಗಂಟಲು ಒಣಗಿತು ಅಂತ ನೋಡಬೇಕು. ನನಗನ್ನಿಸುತ್ತದೆ, ಕೋರ್ಟಿನಲ್ಲಿ ಕಂಡ ಅಳು, ಹೆದರಿಕೆ, ಸುಳ್ಳು, ಅವಮಾನ ಇವೇ ರಾತ್ರಿ ರಂಗದ ಮೇಲೆ ಅವರ ಕೈಗೆ ಬಂದವು. ನಾಟಕದಿಂದ ಅವರು ಹೊಟ್ಟೆ ಹೊರೆಯಲಿಲ್ಲ. ವಕೀಲಿಯಲ್ಲಿ ಗಳಿಸಿದ್ದು ನಾಟಕಕ್ಕೂ ಇಲ್ಲದವರ ಓದಿಗೂ ಹೋಯಿತು.

ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಆದರೆ ಅವರನ್ನು ಕಣ್ಣಾರೆ ಕಂಡ ಒಬ್ಬರ ಮಾತು ನನಗೆ ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿತು. ಆಗ ನಾನಿನ್ನೂ ಹೊಸಬ. ದೊಡ್ಡಬಸವೇಶ್ವರನ ಊರು ಕುರುಗೋಡಿನಿಂದ ಒಬ್ಬ ಮುದುಕ ರೈತರು ಹತ್ತಿ ಮಾರಿದ ದುಡ್ಡು ಕಟ್ಟಲು ಬರುತ್ತಿದ್ದರು. ನಾನು ನೋಟು ಎಣಿಸುವಾಗ ಸುಮ್ಮನೆ ನಿಲ್ಲುವ ಜಾಯಮಾನ ಅವರದಲ್ಲ. ಒಮ್ಮೆ ಹರಿಶ್ಚಂದ್ರನ ಮಾತು ಬಂತು. ಹರೆಯದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು, ಸುಮಾರು 30 ಕಿಲೋಮೀಟರು ದಾರಿ, ಬಳ್ಳಾರಿಗೆ ರಾಘವರ ಹರಿಶ್ಚಂದ್ರ ನೋಡಲು ಬಂದಿದ್ದರಂತೆ.

"ಹಾಡು ಕಮ್ಮಿ ಐತಿ ಅಂತ ನಾವು ಮೊದ್ಲು ಬೇಜಾರಾದ್ವಿ ಸಾಮಿ. ಗಾಡಿ ಕಟ್ಟಿದ್ದು ದಂಡ ಆತು ಅಂದ್ಕೊಂಡ್ವಿ. ಆಮ್ಯಾಲೆ ಸುಡುಗಾಡಿನ ಸೀನು ಬಂತು. ಎದುರಿಗೆ ಮಗನ ಹೆಣ. ಬ್ಯಾರೆ ಕಂಪನಿಯೋರಾಗಿದ್ರೆ ಅಲ್ಲಿ ನಾಕು ಹಾಡು ಹಾಡ್ತಿದ್ರು. ಆತ ಹಾಡ್ಲಿಲ್ಲ. ಸುಮ್ಕೆ ನಿಂತ. ಕೈ ಒಂದೇ ನಡುಗ್ತಿತ್ತು. ನಮ್ಮಪ್ಪ ಅಳಾದು ನಾನು ಅವತ್ತೇ ನೋಡಿದ್ದು."

ಸರತಿಯಲ್ಲಿ ಹಿಂದಿದ್ದವರು ಗೊಣಗುತ್ತಿದ್ದರು. ನಾನು ಆ ಕಟ್ಟನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.

ಆ ಅಜ್ಜ ಹೇಳಿದ್ದು ರಾಘವರ ಇಡೀ ವಿದ್ಯೆ. ಆ ಕಾಲದಲ್ಲಿ ನಾಟಕ ಅಂದರೆ ಹಾಡು. ಸತ್ತು ಬಿದ್ದ ಪಾತ್ರಧಾರಿಯೂ 'ಒನ್ಸ್ ಮೋರ್' ಕೂಗಿದರೆ ಎದ್ದು ಕೂತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ ಅಂತ ನಮ್ಮ ಹಿರಿಯರು ನಗುತ್ತಿದ್ದರು. ರಾಘವರು ರಾಗದ ಎಳೆದಾಟವನ್ನು ಕಡಿಮೆ ಮಾಡಿ, ಮನುಷ್ಯರು ಮಾತಾಡುವಂತೆ ಮಾತಾಡಿದರು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಆಡಿದರು. ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಕಟ್ಟಿದರು, ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಜೊತೆಗೂ ರಂಗಕ್ಕೇರಿದರು. ಇಂಗ್ಲೆಂಡಿಗೂ ಹೋಗಿ ಅಲ್ಲಿನ ನಾಟಕದವರನ್ನು ಕಂಡು ಬಂದರು, ಬರ್ನಾರ್ಡ್ ಷಾ ಅವರನ್ನೂ ಭೇಟಿಯಾದರು. 1927ರಲ್ಲಿ ಗಾಂಧೀಜಿ ಮೈ ಸರಿಯಿಲ್ಲದೆ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದರು. ಆ ವರ್ಷ ಅವರು ರಾಘವರ ಹಿಂದಿ ನಾಟಕ 'ದೀನಬಂಧು ಕಬೀರ್' ನೋಡಿದರು. ಪ್ರಾರ್ಥನೆಯ ಹೊತ್ತಾಯಿತು ಅಂತ ಯಾರೋ ನೆನಪಿಸಿದರೂ ಗಾಂಧೀಜಿ ಏಳಲಿಲ್ಲ, ಇದೂ ಪ್ರಾರ್ಥನೆಯೇ ಅಂದರು ಅಂತ ಜನ ಹೇಳುತ್ತಾರೆ.

ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನಾನು ನಿಧಾನವಾಗಿ ಹೇಳಬೇಕು ಅಂದುಕೊಂಡದ್ದು ಬೇರೆ. ಹೋದ ತಿಂಗಳು ಸಿರುಗುಪ್ಪದಿಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ನನಗೆ ಕಾಗದ ಬರೆದಿದ್ದಾಳೆ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವಳಿಗೆ ಚಂದ್ರಮತಿಯ ಪಾತ್ರ ಸಿಕ್ಕಿದೆ. ಅಜ್ಜಿ ಮಾತ್ರ, "ನಮ್ಮ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚೋದಿಲ್ಲ" ಅಂತ ಪಟ್ಟು ಹಿಡಿದಿದ್ದಾರೆ. 'ತಾತ, ನೀವು ಅಜ್ಜಿಗೆ ಹೇಳಿ' ಅಂತ ಅವಳ ಕೋರಿಕೆ.

ಅಮ್ಮಾ, ನಾನು ನಿಮಗೆ ಹೇಳುವಷ್ಟು ದೊಡ್ಡವನಲ್ಲ. ನಿಮ್ಮ ಹೆದರಿಕೆ ಸುಳ್ಳೂ ಅಲ್ಲ. ನಾವು ಚಿಕ್ಕವರಿದ್ದಾಗ ನಾಟಕದಲ್ಲಿ ಆಡುವ ಹೆಣ್ಣಿನ ಬಗ್ಗೆ ಜನ ಏನು ಮಾತಾಡುತ್ತಿದ್ದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಕಡೆಯ ಬಯಲಾಟದಲ್ಲಿ ಮೀಸೆ ಬೋಳಿಸಿದ ಗಂಡಸರೇ ದ್ರೌಪದಿ, ಅವರೇ ಸೀತೆ. ರಾಘವರು ನಾಟಕಕ್ಕೆ ಬಂದಾಗಲೂ ಹಾಗೇ ಇತ್ತು. ಅವರು ಅದನ್ನು ಒಪ್ಪಲಿಲ್ಲ. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು, ಓದಿದ ಮನೆಯ ಹೆಣ್ಣುಮಕ್ಕಳು ಮುಂದೆ ಬರಬೇಕು ಅಂತ ಹಟ ಹಿಡಿದರು. ಕೊಮ್ಮೂರಿ ಪದ್ಮಾವತಿದೇವಿ ಅಂಥವರು ಅವರ ಜೊತೆ ರಂಗದ ಮೇಲೆ ನಿಂತರು. ನೂರು ವರ್ಷದ ಹಿಂದಿನ ಮಾತಮ್ಮಾ ಇದು. ಆಚಾರವಂತರ ಮನೆಯಲ್ಲಿ ಹುಟ್ಟಿ, ಊರಿನಲ್ಲಿ ಸರ್ಕಾರಿ ವಕೀಲರಾಗಿದ್ದವರು ಹೀಗೆ ಮಾತಾಡಿದರೆ ಎದುರು ನಗುವವರಿಗಿಂತ ಹಿಂದೆ ಆಡಿಕೊಳ್ಳುವವರೇ ಹೆಚ್ಚಿರುತ್ತಾರೆ.

ಮುಂದೆ ನಮ್ಮ ಬಳ್ಳಾರಿಯಲ್ಲೇ ಸುಭದ್ರಮ್ಮ ಮನ್ಸೂರು ಬಂದರು. 'ರಕ್ತರಾತ್ರಿ' ನಾಟಕದ ಅವರ ದ್ರೌಪದಿಯನ್ನು ನೀವೂ ನೋಡಿರಬಹುದು. ನಾನು ನೋಡಿದ್ದೇನೆ. ಆ ದನಿಗೆ ಗಂಡಸರು ತಲೆ ತಗ್ಗಿಸಿ ಕೂತಿದ್ದರು. 2020ರಲ್ಲಿ ಆಕೆ ತೀರಿಕೊಂಡಾಗ ಆಕೆಯನ್ನು ಆಡಿಕೊಂಡವರು ಯಾರೂ ಇರಲಿಲ್ಲ, ಊರೇ ಮರುಗಿತು. ನಿಮ್ಮ ಮೊಮ್ಮಗಳು ಕೇಳುತ್ತಿರುವುದು ಒಂದು ಸಂಜೆ, ಅದೂ ಮೇಷ್ಟ್ರ ಕಣ್ಣೆದುರಿಗೆ. ಮುಂದಿನ ಸಾಲಿನಲ್ಲಿ ನೀವೇ ಕೂತುಕೊಳ್ಳಿ.

ರಾಘವರ ಬಗ್ಗೆ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸರ್ಕಾರ ಅವರಿಗೆ ರಾವ್ ಬಹದ್ದೂರ್ ಬಿರುದು ಕೊಟ್ಟಿತ್ತು. ಅಂಥವರು 1939ರಲ್ಲಿ 'ರೈತು ಬಿಡ್ಡ' ಎಂಬ ತೆಲುಗು ಚಿತ್ರದಲ್ಲಿ ರೈತನ ಪಾತ್ರ ಮಾಡಿದರು. ಹಾಗೆಂದರೆ ರೈತನ ಮಗ. ಜಮೀನ್ದಾರರ ದಬ್ಬಾಳಿಕೆಗೆ ಎದುರು ನಿಲ್ಲುವವನ ಕಥೆ. ನಿಜವಾದ ಜಮೀನ್ದಾರರಿಗೆ ಅದು ಚುಚ್ಚಿತು, ಅವರ ಒತ್ತಾಯಕ್ಕೆ ಸರ್ಕಾರ ಚಿತ್ರವನ್ನು ನಿಷೇಧಿಸಿತು. ಒಂದು ಕೈಯಲ್ಲಿ ಸರ್ಕಾರದ ಬಿರುದು, ಇನ್ನೊಂದು ಕೈಯಲ್ಲಿ ಸರ್ಕಾರಕ್ಕೆ ಬೇಡವಾದ ಚಿತ್ರ. ಆಗ ಅವರಿಗೆ ಅರವತ್ತರ ಹತ್ತಿರ ವಯಸ್ಸು. ಮೊಮ್ಮಕ್ಕಳನ್ನು ಆಡಿಸಿಕೊಂಡು ಮನೆಯಲ್ಲಿರುವ ವಯಸ್ಸು.

1946ರ ಏಪ್ರಿಲ್ 16ರಂದು ಅವರು ತೀರಿಕೊಂಡರು. ಏಳು ವರ್ಷದ ಮೇಲೆ, 1953ರ ಅಕ್ಟೋಬರ್ 1ರಂದು ನಮ್ಮ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ಯಾರದು ಅಂತ ಆಗ ನಡೆದ ಜಗಳ ನೆನೆಸಿಕೊಂಡರೆ ನಮ್ಮ ಹಿರಿಯರ ದನಿ ಏರುತ್ತಿತ್ತು. ರಾಘವರ ವಿಷಯಕ್ಕೆ ಮಾತ್ರ ಇಂಥ ಪಾಲು ನಡೆಯಲಿಲ್ಲ. ತೆಲುಗರು ತಮ್ಮ ದೊಡ್ಡ ನಟ ಅಂತಾರೆ. ನಮ್ಮವರೇ ಆದ ಗಮಕಿ ಜೋಳದರಾಶಿ ದೊಡ್ಡನಗೌಡರು ಅವರ ಒಡನಾಟದಲ್ಲಿ ನಟರಾಗಿ ಬೆಳೆದವರು. 1981ರ ಆಗಸ್ಟ್ 2ರಂದು ಅಂಚೆ ಇಲಾಖೆ ಅವರ ಚಿತ್ರದ ಚೀಟಿ ಹೊರಡಿಸಿತು. ಅದರ ಮೇಲೂ ಅವರು ಬಳ್ಳಾರಿ ರಾಘವರೇ.

ಇನ್ನು ನಿಮ್ಮ ಸರದಿ. ಸಿರುಗುಪ್ಪ, ಕುರುಗೋಡು ಕಡೆಯ ಅಜ್ಜ ಅಜ್ಜಿಯರೇ, ನಿಮ್ಮೂರಿನ ನಾಟಕದಲ್ಲಿ ಹರಿಶ್ಚಂದ್ರ ಯಾರಾಗುತ್ತಿದ್ದರು? ಚಂದ್ರಮತಿಯ ಸೀರೆ ಯಾರ ಮನೆಯಿಂದ ಬರುತ್ತಿತ್ತು? ಮೊಮ್ಮಕ್ಕಳ ಕೈಯಲ್ಲಿ ಬರೆಸಿ ಕಳಿಸಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಹೆಸರುಗಳು ಸರಿಯಾಗಿರಲಿ.