ವಾರಕ್ಕೊಂದು ಪೆನ್ನಿ

ಜನರನ್ನು ಎಬ್ಬಿಸಿ ಕೂರಿಸಿದ ಬೋಧಕನೊಬ್ಬನ ಪ್ರಭಾವವನ್ನು ಯಾವುದರಿಂದ ಅಳೆಯಬೇಕು? ಅವನ ಮಾತು ಕೇಳಲು ನೆರೆದ ತಲೆಗಳನ್ನು ಎಣಿಸುವುದು ಸುಲಭದ ದಾರಿ. ಆ ಲೆಕ್ಕಕ್ಕೆ ಕೂತರೆ 18ನೇ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಪುನರುಜ್ಜೀವನದಲ್ಲಿ ಜಾರ್ಜ್ ವಿಟ್‌ಫೀಲ್ಡ್ ಅವರನ್ನು ಮೀರಿಸುವವರಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅವರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಬೀದಿಯಲ್ಲಿ ನದಿಯ ಕಡೆಗೆ ಹಿಂದೆ ಹಿಂದೆ ಸರಿಯುತ್ತ, ಧ್ವನಿ ಎಲ್ಲಿಯವರೆಗೆ ಸ್ಪಷ್ಟವಾಗಿ ಕೇಳುತ್ತದೆಂದು ನೋಡಿದರು. ಅಷ್ಟು ಜಾಗದಲ್ಲಿ ಒಬ್ಬೊಬ್ಬರಿಗೆ ಎರಡು ಚದರಡಿಯಂತೆ ಲೆಕ್ಕ ಹಾಕಿ, 30,000ಕ್ಕೂ ಹೆಚ್ಚು ಜನರಿಗೆ ಈ ಮನುಷ್ಯನ ಮಾತು ಕೇಳಿಸೀತು ಎಂಬ ತೀರ್ಮಾನಕ್ಕೆ ಬಂದರು. 1739ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳ ಮುಂದೆ ಬಯಲಿನಲ್ಲಿ ನಿಂತವರೂ ಮೊದಲು ಅವರೇ. ಚರ್ಚಿನ ಗೋಡೆಯ ಹೊರಗೆ ಉಪದೇಶ ಮಾಡುವುದೇ ಅಪಚಾರ ಎಂದುಕೊಂಡಿದ್ದ ಜಾನ್ ವೆಸ್ಲಿ, ವಿಟ್‌ಫೀಲ್ಡ್ ಕರೆದರೆಂದು ಹಿಂಜರಿಯುತ್ತಲೇ ಅಲ್ಲಿಗೆ ಹೋದರು. ಏಪ್ರಿಲ್ 2ರಂದು ಮೊದಲ ಬಾರಿ ಬಯಲಲ್ಲಿ ಮಾತಾಡಿದರು. ಕುಳ್ಳನೆಯ ಆಳು, ತರ್ಕಬದ್ಧವಾದ, ಅಲಂಕಾರವಿಲ್ಲದ ಮಾತು. ಆದರೂ ವಿಟ್‌ಫೀಲ್ಡ್ 1770ರಲ್ಲಿ ತೀರಿಕೊಂಡಾಗ ಅವರಿಂದ ಎಚ್ಚೆತ್ತವರು ಬಹುಮಟ್ಟಿಗೆ ಬೇರೆ ಬೇರೆ ಚರ್ಚುಗಳಲ್ಲಿ ಹಂಚಿಹೋದರು. ವೆಸ್ಲಿ 1791ರಲ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ಸುಮಾರು 72,000 ಸದಸ್ಯರಿದ್ದ, ಒಂದಕ್ಕೊಂದು ಹೆಣೆದುಕೊಂಡ ಸಂಘಟನೆ ನಿಂತಿತ್ತು. ಈ ವ್ಯತ್ಯಾಸದ ಮೂಲವನ್ನು ನಾನು ವೇದಿಕೆಯ ಮೇಲೆ ಹುಡುಕುವುದಿಲ್ಲ, ಒಂದು ಸಾಲದ ಲೆಕ್ಕದಲ್ಲಿ ಹುಡುಕುತ್ತೇನೆ.

1742ರಲ್ಲಿ ಬ್ರಿಸ್ಟಲ್‌ನ ಮೆಥಡಿಸ್ಟರಿಗೆ, ಅಂದರೆ ವೆಸ್ಲಿಯ ಅನುಯಾಯಿಗಳಿಗೆ, ತಮ್ಮ ಸಭಾಗೃಹ ಕಟ್ಟಿದ ಸಾಲ ತೀರಿಸಬೇಕಿತ್ತು. ಫಾಯ್ ಎಂಬ ಕ್ಯಾಪ್ಟನ್ ಒಂದು ದಾರಿ ಹೇಳಿದರು: ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ. ಬಡವರಿಗೆ ಅದೂ ಆಗದು ಎಂಬ ಮಾತು ಬಂತು. ಹಾಗಾದರೆ ಕಡುಬಡವರಾದ ಹನ್ನೊಂದು ಜನರನ್ನು ನನಗೆ ಬಿಡಿ, ಅವರಿಂದ ಹುಟ್ಟದಿದ್ದರೆ ನಾನೇ ತುಂಬುತ್ತೇನೆ ಎಂದರು ಅವರು. ಉಳಿದವರೂ ಹಾಗೇ ಹನ್ನೊಂದು ಹನ್ನೊಂದು ಮನೆಗಳನ್ನು ವಹಿಸಿಕೊಂಡರು. ಪೆನ್ನಿ ಎತ್ತಲು ವಾರವಾರ ಬಾಗಿಲಿಗೆ ಹೋದವರ ಕಣ್ಣಿಗೆ ಪೆನ್ನಿಯ ಜೊತೆ ಬೇರೆಯದೂ ಬಿತ್ತು: ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಜಗಳ. ಅವರು ಬಂದು ಹೇಳಿದ್ದನ್ನು ಕೇಳಿದ ವೆಸ್ಲಿಗೆ ತಾವು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಅನ್ನಿಸಿತು. ವಸೂಲಿಯ ಗುಂಪೇ 'ಕ್ಲಾಸ್' ಆಯಿತು. ಹನ್ನೆರಡು ಜನ ವಾರಕ್ಕೊಮ್ಮೆ ಕೂತು ತಮ್ಮ ಬಾಳು ಹೇಗೆ ಸಾಗಿದೆಯೆಂದು ಒಬ್ಬರಿಗೊಬ್ಬರು ಒಪ್ಪಿಸಬೇಕು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ಹೊಸದಾಗಬೇಕು. ಇಲ್ಲಿ ಮುಖಂಡರಾಗಲು ಪದವಿ ಬೇಕಿರಲಿಲ್ಲ, ಪಾದ್ರಿಯ ದೀಕ್ಷೆಯೂ ಬೇಕಿರಲಿಲ್ಲ. ಹೆಂಗಸರೂ ಕ್ಲಾಸ್ ನಡೆಸಿದರು. 1761ರಲ್ಲಿ ಡರ್ಬಿಯಲ್ಲಿ ಸಾರಾ ಕ್ರಾಸ್ಬಿ ಸುಮಾರು ಮೂವತ್ತು ಜನ ಬರಬಹುದೆಂದು ಕಾದಿದ್ದರು, ಬಂದವರು ಇನ್ನೂರರಷ್ಟು. ಒಬ್ಬೊಬ್ಬರನ್ನೇ ವಿಚಾರಿಸುವುದು ಸಾಧ್ಯವಿಲ್ಲದೆ ಎಲ್ಲರನ್ನೂ ಉದ್ದೇಶಿಸಿ ಮಾತಾಡಿ, ತಪ್ಪಾಯಿತೇ ಎಂದು ವೆಸ್ಲಿಗೆ ಬರೆದು ಕೇಳಿದರು. ಹದ್ದು ಮೀರಿಲ್ಲ ಎಂದು ಉತ್ತರ ಬಂತು. ಅಂಥ ಪ್ರಶ್ನೆ ಏಳಲು ಮೊದಲು ಆಕೆಯ ಕೈಯಲ್ಲಿ ಒಂದು ಕ್ಲಾಸ್ ಇರಬೇಕಾಗಿತ್ತು ಎಂಬುದು ನನಗೆ ಮುಖ್ಯ.

ಮೊದಲು ಒಂದು ಕಂಠ ಜನರನ್ನು ಕರೆಯದಿದ್ದರೆ ಕೂರಿಸುವುದಾದರೂ ಯಾರನ್ನು ಎಂಬ ಆಕ್ಷೇಪ ನ್ಯಾಯವಾದದ್ದೇ. ಕಿಂಗ್ಸ್‌ವುಡ್‌ನ ಜನವನ್ನು ವೆಸ್ಲಿಯ ಕೈಗೆ ಒಪ್ಪಿಸಿದ್ದು ವಿಟ್‌ಫೀಲ್ಡ್ ಅವರ ಕಂಠವೇ. ಸಂಘಟನೆ ತನ್ನಷ್ಟಕ್ಕೇ ಜನರನ್ನು ಒಳ್ಳೆಯವರನ್ನಾಗಿ ಮಾಡುತ್ತದೆಂದೂ ಹೇಳಲಾರೆ. ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದವರು. ಸಾಯುವ ಕೆಲವೇ ದಿನ ಮೊದಲು ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್‌ಗೆ ಅದೇ ವಿಷಯದಲ್ಲಿ ಧೈರ್ಯ ತುಂಬುವ ಪತ್ರ ಬರೆದವರು. ಆದರೂ ಅವರದೇ ಚಳವಳಿಯ ಅಮೆರಿಕನ್ ಸಂಘಟನೆ ಗುಲಾಮರನ್ನು ಬಿಡುಗಡೆ ಮಾಡಬೇಕೆಂಬ ನಿಯಮವನ್ನು 1784ರಲ್ಲಿ ಮಾಡಿ, ಒಡೆಯರ ವಿರೋಧಕ್ಕೆ ಮಣಿದು ಮರುವರ್ಷವೇ ತಡೆಹಿಡಿಯಿತು. ಅದು ನಾಚಿಕೆಗೇಡು, ಯಾವ ವಿವರಣೆಯೂ ಅದನ್ನು ತೊಳೆಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇತಿಹಾಸಕಾರ ಇ. ಪಿ. ಥಾಂಪ್ಸನ್ ಅವರದು. ಇಂಗ್ಲಿಷ್ ಕಾರ್ಮಿಕ ವರ್ಗ ರೂಪುಗೊಂಡ ಬಗೆಯನ್ನು ಕುರಿತ ತಮ್ಮ 1963ರ ಗ್ರಂಥದಲ್ಲಿ, ಮೆಥಡಿಸಂ ಕೂಲಿಕಾರರ ಮನಸ್ಸಿನೊಳಗೇ ಕಾರ್ಖಾನೆಯ ಶಿಸ್ತನ್ನು ನೆಟ್ಟಿತು ಎಂದು ಅವರು ವಾದಿಸಿದರು. ವೆಸ್ಲಿ ರಾಜನಿಷ್ಠರು, 1775ರಲ್ಲಿ ಅಮೆರಿಕದ ವಸಾಹತುಗಳ ದಂಗೆಯನ್ನು ಖಂಡಿಸಿ ಬರೆದರು. ಅವರ ನಂತರದ ಮುಖಂಡರು ಇನ್ನೂ ಬಿಗಿ. 1807ರಲ್ಲಿ ಮೌ ಕಾಪ್ ಗುಡ್ಡದ ಮೇಲೆ ದಿನವಿಡೀ ಬಯಲು ಪ್ರಾರ್ಥನಾ ಸಭೆ ನಡೆಸಿದ ಹ್ಯೂ ಬೋರ್ನ್ ಅವರನ್ನು ಮರುವರ್ಷ ಹೊರಹಾಕಿದರು. ವೆಸ್ಲಿ ಹಿಡಿದ ದಾರಿಯಲ್ಲೇ ನಡೆದವನಿಗೆ ವೆಸ್ಲಿಯ ಹೆಸರಿನಲ್ಲೇ ಶಿಕ್ಷೆ! ಇಷ್ಟನ್ನೂ ಒಪ್ಪುತ್ತೇನೆ. ಆದರೆ ಸಭೆ ಕರೆಯುವುದು, ಚಂದಾ ಎತ್ತಿ ಲೆಕ್ಕ ಇಡುವುದು, ಎದ್ದು ನಿಂತು ನಾಲ್ಕು ಜನರೆದುರು ಮಾತಾಡುವುದು ಒಮ್ಮೆ ಕೈಗೆ ಹತ್ತಿತೆಂದರೆ, ಅದನ್ನು ಎಲ್ಲಿ ಬಳಸಬೇಕೆಂದು ಕಲಿಸಿದವನ ಅಪ್ಪಣೆ ಕೇಳಬೇಕಾಗಿಲ್ಲ. ಹೊರಬಿದ್ದ ಬೋರ್ನ್ ಮತ್ತವರ ಜೊತೆಗಾರರು ಅದೇ ವಿದ್ಯೆಯಿಂದ ಪ್ರಿಮಿಟಿವ್ ಮೆಥಡಿಸ್ಟ್ ಪಂಥವನ್ನು ಕಟ್ಟಿದರು. ವೆಸ್ಲಿ ಬದುಕಿದ್ದಾಗಲೇ ಬೆಳೆಸಿದ ಅಗ್ಗದ ಮುದ್ರಣದ ರೂಢಿ ಅವರ ಕಲ್ಪನೆಗೂ ಬಾರದ ಕಡೆ ಹರಿಯಿತು: ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನರಿ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಅಚ್ಚು ಮಾಡಿಸಿದ್ದು ಲಕ್ಷ್ಮೀಶನ ಜೈಮಿನಿ ಭಾರತವನ್ನು, ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ.

ಥಾಂಪ್ಸನ್ ಅವರ ವಾದವನ್ನು ಒರೆಗೆ ಹಚ್ಚಲು ನಾನು ಆರಿಸುವ ಊರು ಡಾರ್ಸೆಟ್‌ನ ಟಾಲ್‌ಪಡಲ್. 1830ರ ದಶಕದಲ್ಲಿ ಅಲ್ಲಿ ಹೊಲದ ಕೂಲಿ ಇಳಿಯುತ್ತ ಹೋದಾಗ ಆಳುಗಳು ಒಂದು ಸಂಘ ಮಾಡಿಕೊಂಡರು. 1834ರಲ್ಲಿ ಆರು ಜನರ ಮೇಲೆ ಕಾನೂನುಬಾಹಿರ ಪ್ರಮಾಣ ಮಾಡಿಸಿದ ಆರೋಪ ಹೊರಿಸಿ, ಏಳು ವರ್ಷದ ಶಿಕ್ಷೆ ವಿಧಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ದೇಶದಲ್ಲಿ ಎದ್ದ ಕೂಗಿಗೆ ಮಣಿದ ಸರ್ಕಾರ 1836ರಲ್ಲಿ ಕ್ಷಮೆ ನೀಡಬೇಕಾಯಿತು. ಆರು ಜನರಲ್ಲಿ ಹೆಚ್ಚಿನವರು ಮೆಥಡಿಸ್ಟರು. ಮುಂದಾಳು ಜಾರ್ಜ್ ಲವ್‌ಲೆಸ್ ನೇಗಿಲು ಹಿಡಿಯುತ್ತಿದ್ದ, ದೀಕ್ಷೆ ಇಲ್ಲದ ಮೆಥಡಿಸ್ಟ್ ಬೋಧಕ. ಅವರ ಸಂಘದ ನಿಯಮದಂತೆ ಸೇರುವಾಗ ಒಂದು ಶಿಲ್ಲಿಂಗ್ ಕೊಡಬೇಕಿತ್ತು, ಆಮೇಲೆ ವಾರಕ್ಕೊಂದು ಪೆನ್ನಿ.