ಸ್ಟಿಕ್ಕರ್ ಅಂಗಡಿಯಲ್ಲೇ ಉಳಿಯಬಾರದು

ಈ ಹಾಳೆ ಆಕ್ಲೆಂಡಿನ ಮೌಂಟ್ ಆಲ್ಬರ್ಟ್, ಸ್ಯಾಂಡ್ರಿಂಗಮ್, ಓವೈರಾಕಾ ಸುತ್ತಿನ ಕನ್ನಡ ಮನೆಗಳವರಿಗೆ.

ಇದನ್ನು ಓದುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ನಿಮ್ಮ ಫ್ರಿಜ್ಜಿನ ಬಾಗಿಲು ನೋಡಿ ಬನ್ನಿ. ಅಂಗಡಿಯಿಂದ ಹೊಸದಾಗಿ ತಂದದ್ದಾದರೆ ಕಮಾನಿನಂತೆ ನಕ್ಷತ್ರ ಜೋಡಿಸಿದ ಸ್ಟಿಕ್ಕರ್ ಇರುತ್ತದೆ, ಇಲ್ಲವೇ ಅದನ್ನು ಕಿತ್ತ ಅಂಟಿನ ಗುರುತಾದರೂ ಇರುತ್ತದೆ. ಹಳೆಯದನ್ನು ಕೊಂಡಿದ್ದರೆ ಬಹುಪಾಲು ಬರಿಯ ಬಾಗಿಲು, ಅದರ ಮೇಲೆ ಊರಿಂದ ತಂದ ಮ್ಯಾಗ್ನೆಟ್ಟು. ಈಗ ಹೀಟ್ ಪಂಪ್ ನೋಡಿ. ಕೊನೆಗೆ ಬಿಸಿನೀರಿನ ಸಿಲಿಂಡರ್ ಇಟ್ಟಿರುವ ಕಪಾಟು ತೆರೆದು ನೋಡಿ. ಬಾಡಿಗೆ ಮನೆಯಾದರೆ ಇವೆರಡನ್ನೂ ಕೊಂಡವರು ಮಾಲೀಕರು. ಕರೆಂಟ್ ಬಿಲ್ ಕಟ್ಟುವವರು ಮಾತ್ರ ನೀವು.

ನಾವು ಕೇಳುತ್ತಿರುವುದರ ತಿರುಳು ಇಷ್ಟೇ. ಯಂತ್ರವೊಂದು ವರ್ಷಕ್ಕೆ ಎಷ್ಟು ಯೂನಿಟ್ ಎಳೆಯುತ್ತದೆ ಎಂಬ ಸಂಖ್ಯೆ ಹೊಸ ಮಾಲಿನ ಅಂಗಡಿಯಲ್ಲಿ ಒಮ್ಮೆ ಕಂಡು ಮಾಯವಾಗಬಾರದು. ಯಂತ್ರ ಹೋದಲ್ಲೆಲ್ಲ ಅದೂ ಹೋಗಬೇಕು. ಬಾಡಿಗೆ ಮನೆಗೂ, ಸೆಕೆಂಡ್ ಹ್ಯಾಂಡ್ ಮಾರಾಟಕ್ಕೂ.

ಇಂಥ ಲೇಬಲ್ಲಿನ ಮಾತು ನಮ್ಮ ಪೇಟೆಗೆ ಹೊಸದೇನೂ ಅಲ್ಲ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಸಂಸತ್ತು ಇಂಧನ ದಕ್ಷತೆಯ ಕಾಯ್ದೆ ಮಾಡಿತು. ಅದಕ್ಕೆ ಬೀಜ ಹಾಕಿದವರು ಗ್ರೀನ್ ಪಕ್ಷದ ಜೆನೆಟ್ ಫಿಟ್ಜ್‌ಸೈಮನ್ಸ್. ಸಾಮಾನ್ಯ ಸದಸ್ಯೆಯಾಗಿ ಅವರು ಮಂಡಿಸಿದ್ದ ಮಸೂದೆ ಅದು. ಕಾಯ್ದೆಯಾದಾಗ ಪ್ರಧಾನಿಯಾಗಿದ್ದವರು ಇದೇ ಮೌಂಟ್ ಆಲ್ಬರ್ಟ್ ಕ್ಷೇತ್ರದ ಹೆಲೆನ್ ಕ್ಲಾರ್ಕ್. ಆ ಕಾಯ್ದೆಯಡಿ 2002ರಲ್ಲಿ ಬಂದ ನಿಯಮಗಳಿಂದ ನಕ್ಷತ್ರದ ಲೇಬಲ್ ಕಡ್ಡಾಯವಾಯಿತು. ಇಂದು ಫ್ರಿಜ್, ಫ್ರೀಜರ್, ವಾಷಿಂಗ್ ಮೆಷಿನ್, ಡ್ರೈಯರ್, ಡಿಶ್‌ವಾಷರ್, ಹೀಟ್ ಪಂಪ್, ಟಿವಿ, ಕಂಪ್ಯೂಟರ್ ಮಾನಿಟರ್ ಎಲ್ಲ ಅದರೊಳಗೆ ಬರುತ್ತವೆ. ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯನ್ನು ಜನ ಈಕಾ ಎನ್ನುತ್ತಾರೆ. ಲೇಬಲ್ ಹುಟ್ಟಿದ್ದು ಪಕ್ಕದ ಆಸ್ಟ್ರೇಲಿಯದಲ್ಲಿ, 1986ರಲ್ಲಿ, ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳಲ್ಲಿ. ಈಗ ಎರಡೂ ದೇಶಗಳಿಗೆ ಒಂದೇ ಲೇಬಲ್.

ಊರಿಂದ ಬಂದ ನಾವು ಈ ಲೇಬಲ್ಲನ್ನು ಓದುವಾಗ ಒಂದು ತಪ್ಪು ಮಾಡುತ್ತೇವೆ. ಭಾರತದಲ್ಲಿ ಸ್ಟಾರ್ ಲೇಬಲ್ ಶುರುವಾದದ್ದು 2006ರಲ್ಲಿ. ಅಲ್ಲಿ ಐದು ಎಂದರೆ ತುತ್ತತುದಿ. ಬೆಂಗಳೂರಿನಲ್ಲಿ ಅಮ್ಮಂದಿರು ಕೂಡ ಅಂಗಡಿಯವನನ್ನು ಮೊದಲು ಕೇಳುವುದು "ಎಷ್ಟು ಸ್ಟಾರಪ್ಪಾ?" ಎಂದೇ. ಆ ರೂಢಿಯಲ್ಲಿ ಇಲ್ಲಿಯ ನಾಲ್ಕು ಸ್ಟಾರನ್ನು ನೋಡಿ ಐದಕ್ಕೆ ನಾಲ್ಕು ಎಂದುಕೊಂಡು ಖುಷಿಪಡುತ್ತೇವೆ. ಇಲ್ಲಿಯ ಕಮಾನು ಆರರವರೆಗೆ ಹೋಗುತ್ತದೆ. ಅದಕ್ಕೂ ಮೇಲಿನವು ಕಿರೀಟದಂತೆ ಇನ್ನೊಂದು ಸಾಲು ಹೊತ್ತು ಹತ್ತರವರೆಗೆ ಏರುತ್ತವೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಕ್ಷತ್ರ ಕೊಡುವುದು ಗಾತ್ರವನ್ನು ಲೆಕ್ಕಕ್ಕೆ ಹಿಡಿದು. ದೊಡ್ಡ ಫ್ರಿಜ್ಜನ್ನು ಅದರ ಗಾತ್ರಕ್ಕೆ ತಕ್ಕಂತೆ ತೂಗುತ್ತಾರೆ, ಸಣ್ಣದನ್ನು ಸಣ್ಣದಕ್ಕೆ ತಕ್ಕಂತೆ. ಹಾಗಾಗಿ ನಾಲ್ಕು ನಕ್ಷತ್ರದ ಎರಡು ಬಾಗಿಲ ದೈತ್ಯ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ಕರೆಂಟ್ ತಿನ್ನಬಹುದು. ನಿಜ ಹೇಳುವುದು ನಕ್ಷತ್ರದ ಕೆಳಗಿನ ಚೌಕದಲ್ಲಿರುವ ಸಂಖ್ಯೆ. ವರ್ಷಕ್ಕೆ ಇಷ್ಟು ಕಿಲೋವಾಟ್ ಅವರ್ ಎಂದಿರುತ್ತದೆ. ನಮ್ಮ ಬಾಯಲ್ಲಿ ಹೇಳುವುದಾದರೆ ಇಷ್ಟು ಯೂನಿಟ್. ಒಂದು ಫ್ರಿಜ್ಜಿನ ಮೇಲೆ 300, ಪಕ್ಕದ್ದರ ಮೇಲೆ 450 ಇದೆ ಎನ್ನಿ. ನಿಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ 35 ಸೆಂಟ್ ಇದ್ದರೆ ವ್ಯತ್ಯಾಸ ವರ್ಷಕ್ಕೆ ಐವತ್ತೆರಡೂವರೆ ಡಾಲರ್, ಹತ್ತು ವರ್ಷಕ್ಕೆ 525. ಸೇಲಿನಲ್ಲಿ ನೂರು ಡಾಲರ್ ಕಡಿಮೆಗೆ ಸಿಕ್ಕಿತೆಂದು ಕೊಂಡದ್ದು ಕೊನೆಗೆ ಎಷ್ಟಕ್ಕೆ ಬಿತ್ತು ಎಂದು ನೀವೇ ಲೆಕ್ಕ ಹಾಕಿ.

ಡ್ರೈಯರಿನ ಕಥೆ ಬೇರೆಯೇ ಇದೆ, ಆಕ್ಲೆಂಡಿನಲ್ಲಿ ಇರುವವರು ಅದನ್ನು ತಿಳಿದಿರಲೇಬೇಕು. ವಾಷಿಂಗ್ ಮೆಷಿನ್ನಿನ ಸಂಖ್ಯೆ ದಿನಕ್ಕೊಮ್ಮೆ ಬಟ್ಟೆ ಒಗೆಯುವ ಲೆಕ್ಕದ್ದು. ಡ್ರೈಯರಿನ ಸಂಖ್ಯೆಯೋ ವಾರಕ್ಕೆ ಒಂದೇ ಸಲ, ವರ್ಷಕ್ಕೆ 52 ಸಲ ಒಣಗಿಸುವ ಲೆಕ್ಕ. ಜೂನಿನಿಂದ ಆಗಸ್ಟ್‌ವರೆಗೆ ಇಲ್ಲಿಯ ಮಳೆ ಗೊತ್ತೇ ಇದೆ. ಬೆಳಿಗ್ಗೆ ಬಿಸಿಲು ನೋಡಿ ಬಟ್ಟೆ ಹರವಿದರೆ ಮಧ್ಯಾಹ್ನದೊಳಗೆ ಮತ್ತೆ ಒದ್ದೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯಲ್ಲಿ ವಾರಕ್ಕೆ ಐದು ಸಲ ಡ್ರೈಯರ್ ಓಡಿದರೆ ಆಶ್ಚರ್ಯವಿಲ್ಲ. ಹದಿಮೂರು ವಾರಕ್ಕೆ 65 ಸಲ ಆಯಿತು. ಲೇಬಲ್ ವರ್ಷಕ್ಕೆಂದು ಹೇಳಿದ ಯೂನಿಟ್ಟು ಚಳಿಗಾಲ ಮುಗಿಯುವ ಮೊದಲೇ ಮುಗಿದಿರುತ್ತದೆ. ಹೀಟ್ ಪಂಪ್ ಬಗೆಯ ಡ್ರೈಯರ್ ಅದೇ ಬಟ್ಟೆಯನ್ನು ಸುಮಾರು ಅರ್ಧ ಕರೆಂಟಿನಲ್ಲಿ ಒಣಗಿಸುತ್ತದೆ. ಬೆಲೆ ಹೆಚ್ಚು, ನಿಜ. ವಾರಕ್ಕೊಮ್ಮೆ ಓಡಿಸುವ ಮನೆಗೆ ಅದು ಬೇಕಿಲ್ಲ. ವಾರಕ್ಕೆ ಐದು ಸಲ ಓಡಿಸುವ ಮನೆಗೆ ಅದೇ ಬೇಕು. ಇದನ್ನು ತೀರ್ಮಾನಿಸಲು ಕೈಯಲ್ಲಿ ಸಂಖ್ಯೆ ಇರಬೇಕು.

ಊರಿಂದ ಸೂಟ್‌ಕೇಸಿನಲ್ಲಿ ತಂದ ಮಿಕ್ಸಿ, ಗ್ರೈಂಡರಿಗೆ ಲೇಬಲ್ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಅದನ್ನು ಬಿಡಿ. ಚಟ್ನಿಗೆ ಎರಡು ನಿಮಿಷ, ದೋಸೆ ಹಿಟ್ಟಿಗೆ ಅರ್ಧ ಗಂಟೆ ಓಡುವ ಯಂತ್ರ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಕಾಣುವುದು ಇಪ್ಪತ್ನಾಲ್ಕು ಗಂಟೆ ಓಡುವಂಥವು. ಕಾಯಿತುರಿ, ಕರಿಬೇವು, ಅವರೆಕಾಳು ತುಂಬಿಡಲೆಂದು ಗ್ಯಾರೇಜಿನಲ್ಲಿ ಇಟ್ಟುಕೊಂಡ ಎರಡನೇ ಹಳೇ ಫ್ರಿಜ್ಜು ಅಂಥದ್ದು.

ನಾನು ಈ ಪಾಠ ಕಲಿತದ್ದೂ ಹಳೇ ಫ್ರಿಜ್ಜಿನಿಂದಲೇ. ಇಲ್ಲಿಗೆ ಬಂದ ಮೊದಲ ವರ್ಷ ನ್ಯೂ ನಾರ್ತ್ ರೋಡಿನಿಂದ ಸ್ವಲ್ಪ ಒಳಗೆ ಒಂದು ಮರದ ಬಂಗಲೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಇಲ್ಲಿ ಬಾಡಿಗೆ ಮನೆಗೆ ಒಲೆ ಬರುತ್ತದೆ, ಫ್ರಿಜ್ಜು ವಾಷಿಂಗ್ ಮೆಷಿನ್ನು ನಾವೇ ತರಬೇಕು. ಹೊಸದಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ದೊಡ್ಡ ಫ್ರಿಜ್ಜೊಂದನ್ನು ಅಗ್ಗಕ್ಕೆ ತಂದೆವು. ಬಾಗಿಲ ಮೇಲೆ ಮಾಸಿದ ಸ್ಟಿಕ್ಕರ್ ಇತ್ತು, ನಕ್ಷತ್ರಗಳು ಚೆನ್ನಾಗಿಯೇ ಇದ್ದವು, ನನ್ನ ಹೆಂಡತಿಗೂ ನನಗೂ ಸಮಾಧಾನ. ಎರಡನೇ ಬಿಲ್ಲು ಬಂದಾಗ ಆ ಸಮಾಧಾನ ಹೋಯಿತು. ಅಳತೆಗೋಲನ್ನೇ 2010ರಲ್ಲಿ ಬಿಗಿ ಮಾಡಿದ್ದರು ಎಂಬುದು ತಿಳಿದದ್ದು ಬಹಳ ದಿನದ ಮೇಲೆ. ಅದಕ್ಕೂ ಹಿಂದಿನ ಫ್ರಿಜ್ಜಿನ ನಕ್ಷತ್ರವೂ ಇಂದಿನ ನಕ್ಷತ್ರವೂ ಒಂದೇ ತೂಕದವಲ್ಲ. ಸ್ಟಿಕ್ಕರಿನಲ್ಲಿ ಸಂಖ್ಯೆ ಇದ್ದ ಜಾಗದ ಬಣ್ಣ ಪೂರ್ತಿ ಹಾರಿಹೋಗಿತ್ತು. ಓದಬೇಕಾದ್ದೇ ಅಳಿಸಿಹೋಗಿ ಮೋಸ ಹೋಗುವಂಥದ್ದು ಮಾತ್ರ ಉಳಿದಿತ್ತು. ಮಾರಿದವರ ಮೇಲೆ ನನಗೆ ದೂರಿಲ್ಲ, ಅವರಿಗೂ ತಿಳಿದಿರಲಿಲ್ಲ.

ಹೊಸದಾಗಿ ಬಂದ ಕುಟುಂಬಗಳು, ಕ್ಯಾರಿಂಗ್ಟನ್ ರೋಡಿನ ಯೂನಿಟೆಕ್‌ಗೆ ಓದಲು ಬಂದ ಹುಡುಗ ಹುಡುಗಿಯರು, ನಾಲ್ಕು ಜನ ಸೇರಿ ಫ್ಲ್ಯಾಟ್ ಮಾಡಿಕೊಂಡಿರುವವರು: ಇವರೆಲ್ಲ ಕೊಳ್ಳುವುದು ಹಳೆಯದನ್ನೇ. ಲೇಬಲ್ಲಿನ ನಿಯಮ ಗುರಿಯಿಟ್ಟಿರುವುದು ಹೊಸ ಯಂತ್ರದ ಮಾರಾಟಕ್ಕೆ. ಎಂದರೆ ಬಿಲ್ಲಿನ ಹೊಡೆತವನ್ನು ತಡೆದುಕೊಳ್ಳಲು ಯಾರಿಗೆ ಶಕ್ತಿ ಕಡಿಮೆಯೋ ಅವರ ಕೈಗೇ ಆ ಮಾಹಿತಿ ಸಿಗುತ್ತಿಲ್ಲ.

ಇನ್ನು ಮನೆಯೊಡನೆಯೇ ಬರುವ ಯಂತ್ರಗಳ ವಿಷಯ. ಬಾಡಿಗೆ ಮನೆಗಳಿಗೆ 2019ರಲ್ಲಿ ಹೆಲ್ದಿ ಹೋಮ್ಸ್ ನಿಯಮಗಳು ಬಂದವು. 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಗಳಿಗೂ ಅವು ಅನ್ವಯ. ನಡುಮನೆಯನ್ನು 18 ಡಿಗ್ರಿಗೆ ಬೆಚ್ಚಗೆ ಮಾಡಬಲ್ಲ ಹೀಟರ್ ಇರಲೇಬೇಕು. ಇದು ದೊಡ್ಡ ಉಪಕಾರ, ಇದಕ್ಕಾಗಿ ಹೋರಾಡಿದವರಿಗೆ ನಾವು ಕೃತಜ್ಞರಾಗಿರಬೇಕು. ತೇವದ ಗೋಡೆಗೆ ಬೂಷ್ಟು ಹಿಡಿದು ಮಕ್ಕಳು ರಾತ್ರಿಯಿಡೀ ಕೆಮ್ಮುವುದನ್ನು ಕೇಳಿದವರಿಗೆ ಅದರ ಬೆಲೆ ಗೊತ್ತು. ಆದರೆ ಆ ನಿಯಮ ಹೀಟರಿಗೆ ಎಷ್ಟು ಶಕ್ತಿಯಿದೆ ಎಂದು ಕೇಳುತ್ತದೆ, ಅದೇ ಶಾಖಕ್ಕೆ ಅದು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಬಾಡಿಗೆದಾರನಿಗೆ ತಿಳಿಸು ಎನ್ನುವುದಿಲ್ಲ. ಅಗ್ಗದ ಹೀಟ್ ಪಂಪ್ ಹಾಕಿದರೆ ಉಳಿತಾಯ ಮಾಲೀಕರದು, ಹೆಚ್ಚಿನ ಖರ್ಚು ನಮ್ಮದು. ಮಾಲೀಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೊಳ್ಳುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು ಆದಾಗ ಎಲ್ಲ ಕಡೆಯೂ ಹೀಗೇ ಆಗುತ್ತದೆ.

ಇದಕ್ಕೆ ಪರಿಹಾರ ಕೈಯಳತೆಯಲ್ಲೇ ಇದೆ. ಬಾಡಿಗೆ ಕರಾರಿನ ಜೊತೆಗೆ ಹೆಲ್ದಿ ಹೋಮ್ಸ್ ಹೇಳಿಕೆಯೊಂದನ್ನು ಮಾಲೀಕರು ಈಗಾಗಲೇ ಕೊಡಬೇಕು. ಮನೆಯ ಇನ್ಸುಲೇಷನ್ ಹೇಗಿದೆ, ಹೀಟರ್ ಯಾವುದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಹೇಳಿಕೆಗೆ ಇನ್ನೊಂದು ಸಾಲು ಸೇರಲಿ: ಮನೆಯೊಡನೆ ಬರುವ ಹೀಟ್ ಪಂಪ್, ಡಿಶ್‌ವಾಷರ್, ಡ್ರೈಯರ್‌ಗಳ ಮಾಡೆಲ್ ನಂಬರ್ ಮತ್ತು ಲೇಬಲ್ಲಿನ ಸಂಖ್ಯೆ. ಮನೆ ನೋಡಲು ಹೋದವರು ಬಾಡಿಗೆಯ ಜೊತೆಗೆ ಅದನ್ನೂ ತೂಗಿ ನೋಡಲಿ.

ಇನ್ನು ಆ ಕಪಾಟಿನಲ್ಲಿರುವ ಬಿಸಿನೀರಿನ ಸಿಲಿಂಡರ್. ನಮ್ಮ ಅಜ್ಜಿಯ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಬೆಳಿಗ್ಗೆ ಒಲೆಗೆ ತೆಂಗಿನ ಗರಿ ಒಡ್ಡಿದರೆ ಒಂದೇ ಉರಿಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ಸ್ನಾನ ಮುಗಿಸಬೇಕು, ತಡ ಮಾಡಿದವರಿಗೆ ಉಗುರುಬೆಚ್ಚಗಿನ ನೀರು. ಬೆಂಗಳೂರಿನಲ್ಲಿ ಗೀಸರ್ ಹಾಕಿ ಹತ್ತು ನಿಮಿಷಕ್ಕೆ ಆರಿಸದಿದ್ದರೆ ಅಪ್ಪ ಬೈಯುತ್ತಿದ್ದರು. ಇಲ್ಲಿಯದು ನೂರಾರು ಲೀಟರಿನ ಹಂಡೆ, ಹಗಲೂ ರಾತ್ರಿ ಕುದಿಬಿಸಿಯಾಗಿ ಕೂತಿರುತ್ತದೆ. ಈ ದೇಶದ ಮನೆಗಳ ಇಂಧನದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೋಗುವುದು ನೀರು ಕಾಯಿಸಲು. ಇಷ್ಟು ತಿನ್ನುವ ಯಂತ್ರಕ್ಕೆ ಶಾಖ ಇಷ್ಟಕ್ಕಿಂತ ಹೆಚ್ಚು ಸೋರಬಾರದೆಂಬ ಕನಿಷ್ಠ ಮಟ್ಟ ನಿಗದಿಯಾಗಿದೆ, ನಕ್ಷತ್ರದ ಲೇಬಲ್ ಮಾತ್ರ ಇಲ್ಲ. ಟಿವಿಗೆ ಉಂಟು, ಹಂಡೆಗಿಲ್ಲ. ಹೀಟ್ ಪಂಪಿನಿಂದ ನೀರು ಕಾಯಿಸುವ ಬಗೆಯೂ ಈಗ ಬಂದಿರುವುದರಿಂದ ಸಿಲಿಂಡರ್ ಸಿಲಿಂಡರಿಗೂ ಭಾರಿ ಅಂತರವಿದೆ. ಈ ಅಂತರ ಕೊಳ್ಳುವವರ ಕಣ್ಣಿಗೆ ಕಾಣಬೇಕು.

ಸರ್ಕಾರ ನಮ್ಮ ಅಡುಗೆಮನೆಗೂ ಕೈ ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಇಲ್ಲಿ ಇತಿಹಾಸವಿದೆ. ಹಳೆಯ ಕಾಯಿಲ್ ಬಲ್ಬನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಎಂದು 2008ರಲ್ಲಿ ಲೇಬರ್ ಸರ್ಕಾರ ಹೇಳಿದಾಗ ದೊಡ್ಡ ಗಲಾಟೆಯಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಸರ್ಕಾರ ಬದಲಾಗಿ, ಡಿಸೆಂಬರಿನಲ್ಲಿ ಆ ಯೋಜನೆಯೇ ರದ್ದಾಯಿತು. ನಾವು ಕೇಳುತ್ತಿರುವುದು ನಿಷೇಧವಲ್ಲ. ಯಾರ ಫ್ರಿಜ್ಜನ್ನೂ ಯಾರೂ ಹೊರಗೆ ಎಳೆದು ಹಾಕುವುದಿಲ್ಲ. ಹಳೆಯದೇ ಸಾಕು ಎನ್ನುವವರು ಹಳೆಯದನ್ನೇ ಕೊಳ್ಳಲಿ. ಸಂಖ್ಯೆ ತಿಳಿದರೆ ಚೌಕಾಸಿಯಾದರೂ ಮಾಡಬಹುದು. ತಮ್ಮ ಮನೆಯ ಒಂದು ಯಂತ್ರವನ್ನು ಮಾರುವ ಸಾಮಾನ್ಯರ ಮೇಲೆ ದಂಡ ಹಾಕಿ ಎಂದೂ ನಾವು ಹೇಳುವುದಿಲ್ಲ. ಹಳೆಯದನ್ನು ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರ ಮೇಲೆ ಹೊಣೆ ಇರಲಿ. ಆನ್‌ಲೈನ್ ಜಾಹೀರಾತಿನಲ್ಲಿ ಬೆಲೆ, ಬಣ್ಣದ ಪಕ್ಕ ಮಾಡೆಲ್ ನಂಬರಿಗೂ ಯೂನಿಟ್ಟಿಗೂ ಒಂದು ಜಾಗವಿರಲಿ. ಯಂತ್ರ ಹಳತಾದಂತೆ ಬಾಗಿಲ ರಬ್ಬರ್ ಸಡಿಲವಾಗಿ ಖರ್ಚು ಏರುತ್ತದೆ, ಹಾಗಾಗಿ ಆ ಸಂಖ್ಯೆ ಪೂರ್ತಿ ಸರಿಯಿರದು ಎಂಬುದನ್ನೂ ಒಪ್ಪುತ್ತೇನೆ. ಆದರೂ ಕತ್ತಲಲ್ಲಿ ತಡಕಾಡುವುದಕ್ಕಿಂತ ಅದು ಎಷ್ಟೋ ಮೇಲು.

ಇದು ನಮ್ಮ ಒಬ್ಬೊಬ್ಬರ ಬಿಲ್ಲಿನ ವಿಷಯ ಮಾತ್ರವೂ ಅಲ್ಲ. 2021ರ ಆಗಸ್ಟ್ 9ರ ಚಳಿಯ ರಾತ್ರಿ ಎಲ್ಲರೂ ಒಟ್ಟಿಗೆ ಹೀಟರ್ ಹಾಕಿದಾಗ ಕರೆಂಟ್ ಸಾಲದೆ 30,000ಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ದಕ್ಷಿಣ ದ್ವೀಪದ ಜಲವಿದ್ಯುತ್ ಸರೋವರಗಳಿಗೆ ಮಳೆ ಕಡಿಮೆಯಾದ ವರ್ಷ ಹಂಟ್ಲಿಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಸಂಜೆ ಆರರ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ಉಳಿಯುವ ಒಂದೊಂದು ಚೂರು ಕರೆಂಟ್ ಅಂಥ ರಾತ್ರಿ ಲೆಕ್ಕಕ್ಕೆ ಬರುತ್ತದೆ.

ನಮ್ಮ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ರೆಸಿಡೆನ್ಸ್ ಸಿಕ್ಕಿ ಇಲ್ಲಿ ಒಂದು ವರ್ಷ ನೆಲೆಸಿದವರಿಗೆ, ಸಿಟಿಜನ್ ಆಗದಿದ್ದರೂ, ಈ ದೇಶದಲ್ಲಿ ಮತವಿದೆ. ವೆಲಿಂಗ್ಟನ್ನಿನ ಸಂಸತ್ ಭವನಕ್ಕೆ ಸಂಸದರ ಹೆಸರಿಗೆ ಬರೆದ ಪತ್ರಕ್ಕೆ ಅಂಚೆ ಚೀಟಿಯೂ ಬೇಡ. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆಯಿರಿ, ಈಕಾಗೆ ಅದರ ಪ್ರತಿ ಕಳಿಸಿ. ಬಾಡಿಗೆ ಹೇಳಿಕೆಗೆ ಒಂದು ಸಾಲು, ಹಳೇ ಯಂತ್ರದ ವ್ಯಾಪಾರಿಗಳಿಗೆ ಒಂದು ಹೊಣೆ, ಬಿಸಿನೀರಿನ ಸಿಲಿಂಡರಿಗೆ ಒಂದು ಲೇಬಲ್: ಕೇಳಬೇಕಾದ್ದು ಈ ಮೂರೇ. ಇಂಗ್ಲಿಷಿನಲ್ಲಿ ಬರೆಯಲು ಸಂಕೋಚವಾದರೆ ಮಕ್ಕಳ ಕೈಲಿ ಬರೆಸಿ ನೀವು ಸಹಿ ಹಾಕಿ. ನಿಮ್ಮ ಬಿಲ್ಲಿನ ಮೊತ್ತವನ್ನೂ ಅದರಲ್ಲಿ ಬರೆಯಿಸಿ.

ಅಲ್ಲಿಯವರೆಗೆ ಹಳೇ ಫ್ರಿಜ್ ಕೊಳ್ಳುವ ಮುನ್ನ ಬಾಗಿಲು ತೆರೆದು ಒಳಗೆ ನೋಡಿ. ತರಕಾರಿ ಡಬ್ಬಿಯ ಪಕ್ಕದ ಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ಪಟ್ಟಿ ಇರುತ್ತದೆ, ಮಾಡೆಲ್ ನಂಬರ್ ಅಲ್ಲಿದೆ. ಎರಡೂ ದೇಶಗಳಲ್ಲಿ ನೋಂದಣಿಯಾದ ಮಾಡೆಲ್‌ಗಳ ಪಟ್ಟಿ ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿದೆ. ಅಲ್ಲಿ ಆ ನಂಬರ್ ಹಾಕಿ ಹುಡುಕಿ, ಸಿಕ್ಕಿದ ಯೂನಿಟ್ಟನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ಆಮೇಲೆ ಮಾರುವವರೊಡನೆ ರೇಟು ಮಾತಾಡಿ.