ಭಂಗಾರ ಮತ್ತು ಬಂಗಾರ

ಶನಿವಾರಗಳಂದು ನಮ್ಮ ಮಹಾವಿದ್ಯಾಲಯದ ಬೇವಿನ ಮರದಡಿ ನಿಲ್ಲುವ ಮಾಸಲು ಬಿಳಿಯ ಮೋಟಾರು ಯಾರದೆಂದು ಹೊಸ ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ಅದು ನನ್ನದು, ಸರಿಯಾಗಿ ಹೇಳಬೇಕೆಂದರೆ ನನ್ನ ತಂದೆಯವರದು. 1986ರ ಪ್ರೀಮಿಯರ್ ಪದ್ಮಿನಿ. ಕಾಗದಪತ್ರಗಳಲ್ಲಿ ಪದ್ಮಿನಿಯಾದರೂ ನಮ್ಮ ಮನೆಯಲ್ಲಿ ಅದು ಅಂದಿನಿಂದ ಇಂದಿನವರೆಗೆ ‘ಫಿಯಾಟ್’ ಮಾತ್ರ. ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ ತಂದೆಯವರು ಹೆಸರು ನೋಂದಾಯಿಸಿ, ಬಹುಕಾಲ ಕಾಯ್ದು ಅದನ್ನು ತಂದರು. ಎಣ್ಣೆ ಬದಲಿಸಿದ ದಿನಾಂಕಗಳನ್ನು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಅವರು ಬರೆದಿಟ್ಟ ಕಿರುಹೊತ್ತಗೆ ಈಗಲೂ ಗಾಡಿಯ ಮುಂದಿನ ಖಾನೆಯಲ್ಲಿದೆ.

ಈ ಗಾಡಿಗೂ ನಮ್ಮ ಊರಿಗೂ ಒಂದು ನಂಟಿದೆಯೆಂಬುದನ್ನು ಸೊಲ್ಲಾಪುರದವರೇ ಮರೆತಂತಿದೆ. ಇದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. 1940ರಲ್ಲಿ ಮೈಸೂರು ಸರಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯನ್ನು ಆರಂಭಿಸಿದವರೂ ಅವರೇ. ಕುರ್ಲಾದ ಕಾರಖಾನೆಯಲ್ಲಿ ಸಿದ್ಧವಾದ ಈ 1089 ಸಿ.ಸಿ.ಯ ಗಾಡಿ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿಯಿತು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳೂ ರಸ್ತೆಯಿಂದ ಮರೆಯಾದವು. ಟ್ಯಾಕ್ಸಿಗಳಿದ್ದುದರಿಂದಲೇ ಬಿಡಿಭಾಗಗಳೂ ಅವನ್ನು ಬಲ್ಲ ಕೈಗಳೂ ಉಳಿದಿದ್ದವು. ಇನ್ನು ಮುಂದೆ ಒಂದು ಭಾಗ ಹೋಯಿತೆಂದರೆ ಹೋದಂತೆಯೇ. ಆದ್ದರಿಂದ ಇಂತಹ ಗಾಡಿಯನ್ನು ಯಾರ ಕೈಗೆ, ಯಾವ ನಂಬಿಕೆಯ ಮೇಲೆ ಒಪ್ಪಿಸಬೇಕೆಂಬುದು ನನ್ನಂಥವರಿಗೆ ಹವ್ಯಾಸದ ಮಾತಲ್ಲ.

ಕೆಲವು ವರ್ಷಗಳ ಹಿಂದೆ ನಾನು ಅದನ್ನು ತಪ್ಪು ಕೈಗೆ ಒಪ್ಪಿಸಿದೆ. ನೆಲಕ್ಕೆ ಹೊಳೆಯುವ ಫರಶಿ ಹಾಕಿದ್ದ, ಬರುವವರಿಗೆ ಕುರ್ಚಿಯನ್ನೂ ಚಹವನ್ನೂ ಕೊಡುವ ಗ್ಯಾರೇಜು ಅದು. ಮೇಲುಮೈಯ ತುಕ್ಕು ತೆಗೆದು ಬಣ್ಣ ಹಚ್ಚುವುದಷ್ಟೇ ಕೆಲಸ. ಎಂಟು ದಿನಗಳ ಮೇಲೆ ಹೋಗಿ ನೋಡಿದರೆ ಬಾಗಿಲಿನ ತುಕ್ಕಿನ ಮೇಲೆಯೇ ದಪ್ಪವಾಗಿ ಲಾಂಬಿ ಮೆತ್ತಿ ಬಣ್ಣ ಹೊಡೆದಿದ್ದರು. ಅದನ್ನಾದರೂ ಸಹಿಸಬಹುದಿತ್ತು. ತಂದೆಯವರ ಅಂಗೈ ತಾಗಿ ತಾಗಿ ಎರಡು ಕಡೆ ನುಣ್ಣಗೆ ಸವೆದಿದ್ದ ಸ್ಟಿಯರಿಂಗ್ ಚಕ್ರವನ್ನು ಕಿತ್ತು, ಯಾವುದೋ ಹೊಸ ಗಾಡಿಯ ಕರಿಯ ಚಕ್ರವನ್ನು ಕೂಡಿಸಿದ್ದರು. ಹಳೆಯದು ಎಲ್ಲಿ ಎಂದು ಕೇಳಿದೆ. ‘ಸರ್, ಅದು ಭಂಗಾರದಲ್ಲಿ ಹೋಯ್ತು’ ಎಂದು ಹುಡುಗನೊಬ್ಬ ಸಹಜವಾಗಿ ಹೇಳಿದ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿಯೂ ಮುಂದೆ ಮರಾಠಿ ಶಾಲೆಯಲ್ಲಿಯೂ ಓದಿದವನು. ಮರಾಠಿಯ ‘ಭಂಗಾರ’ವೆಂದರೆ ತೂಕಕ್ಕೆ ಮಾರುವ ಗುಜರಿ. ಕನ್ನಡದ ಬಂಗಾರವೆಂದರೇನೆಂದು ಹೇಳಬೇಕಾಗಿಲ್ಲ. ಗಡಿಯ ಮಕ್ಕಳೆಲ್ಲ ಚಿಕ್ಕಂದಿನಲ್ಲಿ ಈ ಎರಡು ಪದಗಳನ್ನಿಟ್ಟುಕೊಂಡು ನಕ್ಕವರೇ. ಆ ದಿನ ನನಗೆ ನಗು ಬರಲಿಲ್ಲ.

ಆದರೂ ತಪ್ಪೆಲ್ಲವನ್ನೂ ಆ ಗ್ಯಾರೇಜಿನ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳಲಾರೆ. ಗಾಡಿಯನ್ನು ಬಿಟ್ಟು ಬರುವಾಗ ನಾನು ಹೇಳಿದ್ದೇನು? ‘ಹೊಸದರಂತೆ ಮಾಡಿಕೊಡಿ.’ ಅವರು ಮಾಡಿಕೊಟ್ಟರು. ಯಾವುದು ಉಳಿಯಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ನಾನು ಹೇಳಲಿಲ್ಲ, ಬರೆದುಕೊಡಲಿಲ್ಲ. ನನ್ನ ಪ್ರೀತಿ ಅವರಿಗೆ ತಾನಾಗಿ ತಿಳಿಯುವುದೆಂದು ಭಾವಿಸಿದೆ. ಅಪರಿಚಿತನಿಗೆ ಸವಕಲು ಚಕ್ರವು ಸವಕಲು ಚಕ್ರವೇ.

ಒಬ್ಬರ ವಸ್ತುವನ್ನು ಮತ್ತೊಬ್ಬರ ಕೈಯಲ್ಲಿ ಇಡುವ ಈ ವ್ಯವಹಾರವನ್ನು ಕುರಿತು ನಮ್ಮ ಹಿರಿಯರು ಬಹಳ ಯೋಚಿಸಿದ್ದಾರೆ. ನಮಗೆ ಬಹುದೂರವಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ಇಟ್ಟ ಒಡವೆಗೆ ಸಂಬಂಧಿಸಿದ ಪ್ರಕರಣವೊಂದಿದೆ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಒಡವೆ ಹೋದರೆ ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲ. ಆದರೆ ತನ್ನಿಚ್ಛೆಯಿಂದ ಅದನ್ನು ಬಳಸಿ ಲಾಭ ಪಡೆದರೆ ದಂಡಕ್ಕೆ ಗುರಿಯಾಗುತ್ತಾನೆ. ಗಿರಾಕಿಯ ಗಾಡಿಯಲ್ಲಿ ಊಟ ತರಲು ಹೋಗುವ ಗ್ಯಾರೇಜಿನ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ನಿಯಮ ನೆನಪಾಗುತ್ತದೆ. 1872ರ ಭಾರತೀಯ ಕರಾರು ಕಾಯಿದೆಯೂ ಇದೇ ದಾರಿಯಲ್ಲಿ ನಡೆಯುತ್ತದೆ: ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವಿಗೆ ತೋರುವ ಜೋಪಾನವನ್ನು ಒಪ್ಪಿಸಲ್ಪಟ್ಟ ವಸ್ತುವಿಗೂ ತೋರಬೇಕು. ಅದೇ ಕಾಯಿದೆಯ 170ನೆಯ ಕಲಮು ಮಿಸ್ತ್ರಿಯ ಪರವಾಗಿಯೂ ನಿಲ್ಲುತ್ತದೆ. ದುಡಿದುದಕ್ಕೆ ಹಣ ಬರುವವರೆಗೆ ಗಾಡಿಯನ್ನು ಬಿಡದಿರುವ ಹಕ್ಕು ಅವನಿಗುಂಟು. ಅದು ನ್ಯಾಯವೇ. ಆದರೆ ಸವೆದ ಚಕ್ರವೊಂದರ ಬೆಲೆಯನ್ನು ಯಾವ ಕಾಯಿದೆಯ ಮುಂದಿಟ್ಟು ಕೇಳುವುದು? ಕಾಯಿದೆ ಮುಗಿದಲ್ಲಿಂದಲೇ ನಂಬಿಕೆಯ ಕೆಲಸ ಆರಂಭವಾಗುತ್ತದೆ.

ಎರಡು ವರ್ಷಗಳ ತರುವಾಯ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಬರತೊಡಗಿತು, ಎಳೆತವೂ ಕುಗ್ಗಿತು. ಇಬ್ಬರನ್ನು ಕೇಳಿದೆ. ಇಬ್ಬರೂ ಬಾನೆಟ್ ತೆರೆಯುವ ಮೊದಲೇ ‘ಇಂಜಿನ್ ಬೋರ್ ಮಾಡಿಸಬೇಕು’ ಎಂದರು. ಬೋರ್ ಮಾಡಿಸುವುದೆಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಗೊಳಿಸಿ, ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಕೂಡಿಸುವುದು. ಕೊರೆದ ಲೋಹ ಮರಳಿ ಬಾರದು. ಹಾಗೆ ಕೊರೆಯುವುದಕ್ಕೂ ಒಂದು ಮಿತಿಯಿದೆ.

ಆಗ ಪರಿಚಿತರೊಬ್ಬರು ಅಕ್ಕಲಕೋಟ ರಸ್ತೆಯ ಬದಿಯ ಪತ್ರಾ ಶೆಡ್ಡೊಂದಕ್ಕೆ ಕಳಿಸಿದರು. ಎಪ್ಪತ್ತರ ಸಮೀಪದ ಮಿಸ್ತ್ರಿ. ಎಲ್ಲರಿಗೂ ಅವರು ‘ಮಾಮಾ’. ಮುಂಬಯಿಯಲ್ಲಿ ಟ್ಯಾಕ್ಸಿಗಳ ಕೆಲಸ ಮಾಡಿ ಊರಿಗೆ ಮರಳಿದವರು. ಅವರು ಮೊದಲು ಹೊಗೆ ಯಾವಾಗ ಬರುತ್ತದೆಂದು ಕೇಳಿದರು. ಚಾಲೂ ಮಾಡಿದಾಗಲೋ, ಏರಿನಲ್ಲಿಯೋ, ಸದಾ ಬರುವುದೋ? ಅನಂತರ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಮಾಪಕವಿಟ್ಟು ಒಂದೊಂದು ಸಿಲಿಂಡರಿನ ಒತ್ತಡವನ್ನು ಅಳೆದು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದರು. ಮೂರನೆಯದು ತಗ್ಗಿತ್ತು. ಅದರೊಳಗೆ ಒಂದು ಚಮಚದಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆದರು. ರಿಂಗುಗಳು ಸವೆದಿದ್ದರೆ ಎಣ್ಣೆಯು ಸಂದನ್ನು ತುಂಬಿ ಒತ್ತಡ ಏರುತ್ತದೆ. ಏರದಿದ್ದರೆ ದೋಷವಿರುವುದು ಮೇಲೆ, ವಾಲ್ವುಗಳ ಕಡೆ. ಏರಲಿಲ್ಲ.

‘ಸರ, ಬೋರ್ ಮಾಡೂದು ಬ್ಯಾಡ ಅನಸ್ತದ. ಮೊದಲ ಹೆಡ್ ಬಿಚ್ಚಿ ನೋಡೂಣು. ಒಳಗ ಏನೈತಿ ಅಂತ ಈಗ ನನಗೂ ಗೊತ್ತಿಲ್ಲ. ನೋಡಿದ ಮ್ಯಾಲ ಫೋನ್ ಹಚ್ಚತೀನಿ, ನೀವು ಹೂಂ ಅಂದ್ರಷ್ಟ ಮುಂದ.’

‘ನನಗೂ ಗೊತ್ತಿಲ್ಲ’ ಎಂಬ ಆ ಮಾತಿನಿಂದ ನನ್ನ ಅರ್ಧ ಭಯ ಹೋಯಿತು. ಮೂರನೆಯ ದಿನ ಫೋನು ಬಂದಿತು. ನಾನು ಹೋದಾಗ ಅವರು ನನ್ನ ಬೆರಳನ್ನೇ ಹಿಡಿದು ಸಿಲಿಂಡರಿನ ಮೇಲಂಚಿಗೆ ಉಗುರು ತಾಗಿಸಿ, ತಡೆಯುವಂಥ ಏಣು ಇಲ್ಲವೆಂಬುದನ್ನು ತೋರಿಸಿದರು. ವಾಲ್ವ್ ಗೈಡುಗಳನ್ನು ಬದಲಿಸಿ, ಸುಟ್ಟಿದ್ದ ಒಂದು ವಾಲ್ವನ್ನು ತೆಗೆದು, ಉಳಿದವನ್ನು ಅರೆದು ಕೂಡಿಸಿದರು. ಗಾಡಿಯನ್ನು ಮರಳಿಸುವಾಗ ಮರಾಠಿ ದಿನಪತ್ರಿಕೆಯಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಕೈಯಲ್ಲಿಟ್ಟು ‘ಇದು ನಿಮ್ಮ ಭಂಗಾರ’ ಎಂದರು. ತೆಗೆದುಹಾಕಿದ ಪ್ರತಿಯೊಂದು ಭಾಗವೂ ಅದರಲ್ಲಿತ್ತು.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಆ ಗಂಟಿನ ಮಹತ್ತ್ವವನ್ನು ವಿವರಿಸಬೇಕಿಲ್ಲ. ಓಲೆಯ ಪ್ರತಿಯಲ್ಲಿನ ಪಾಠವೊಂದು ತಪ್ಪೆಂದು ತೋರಿದಾಗ ಸಂಪಾದಕನು ಅದನ್ನು ತಿದ್ದಬಹುದು; ಆದರೆ ಬಿಟ್ಟ ಪಾಠವನ್ನು ಅಡಿಯಲ್ಲಿ ಕೊಡಲೇಬೇಕು. ಕೊಡದಿದ್ದರೆ ಅವನ ತಿದ್ದುಪಡಿ ಎಷ್ಟು ಸೊಗಸಾಗಿದ್ದರೂ ಅದನ್ನು ಪರೀಕ್ಷಿಸುವ ದಾರಿ ಓದುಗನಿಗಿಲ್ಲ. ಗ್ಯಾರೇಜಿನ ವಿಷಯದಲ್ಲಿ ನಾನು ಕೇಳುವುದು ಇಷ್ಟನ್ನೇ: ತೆಗೆದದ್ದು ನನ್ನ ಕೈಗೆ ಬರಲಿ, ಮರಳಿ ತರಲಾಗದ ಹೆಜ್ಜೆಯನ್ನಿಡುವ ಮೊದಲು ನನ್ನನ್ನು ಕೇಳಲಿ. ಫರಶಿ, ಚಹ, ಸಂಗಣಕದಲ್ಲಿ ಅಚ್ಚಾದ ಬಿಲ್ಲು ಇವೆಲ್ಲ ಇದ್ದರೆ ಸಂತೋಷ, ಇಲ್ಲದಿದ್ದರೆ ಕೊರತೆಯಿಲ್ಲ.

ಇನ್ನೊಂದು ಮಾತನ್ನು ನಮ್ಮಂಥ ಗಿರಾಕಿಗಳ ಮುಖಕ್ಕೇ ಹೇಳಬೇಕು. ಹೊಸ ಭಾಗಕ್ಕೆ ಎರಡು ಸಾವಿರವೆಂದರೆ ನಾವು ತುಟಿಪಿಟಕ್ಕೆನ್ನದೆ ಕೊಡುತ್ತೇವೆ. ‘ನೋಡಿದ್ದಕ್ಕೆ ಇನ್ನೂರು’ ಎಂದರೆ ಹುಬ್ಬು ಗಂಟಿಕ್ಕುತ್ತೇವೆ. ಏನೂ ಬದಲಿಸದೆ ಬರಿಯ ನೋಡಿದ್ದಕ್ಕೆ ಹಣವೇ? ಹೀಗಿರುವಾಗ ಅರ್ಧ ದಿನ ಕುಳಿತು ದೋಷವನ್ನು ಹುಡುಕುವ ಮಿಸ್ತ್ರಿ ಹಸಿವಿನಿಂದ ಇರಬೇಕು, ಕಣ್ಣುಮುಚ್ಚಿ ಭಾಗಗಳನ್ನು ಬದಲಿಸುವವನು ಮನೆ ಕಟ್ಟಿಸಬೇಕು. ಅನಾವಶ್ಯಕ ಬದಲಾವಣೆಯ ಚಾಳಿಯನ್ನು ಬೆಳೆಸಿದವರಲ್ಲಿ ನಾವೂ ಇದ್ದೇವೆ. ಬೋರಿಂಗಿನ ಖರ್ಚು ನನಗೆ ಉಳಿಯಿತು; ಆ ಉಳಿತಾಯದಲ್ಲಿ ಒಂದು ಪಾಲು ಮಾಮಾ ಅವರಿಗೆ ಸಲ್ಲಬೇಕಾದುದೆಂದು ಹೇಳಿ ಕೊಟ್ಟಾಗ ಅವರೇ ಸಂಕೋಚಪಟ್ಟರು. ನೋಡುವುದಕ್ಕೆ ಬೆಲೆ ಕೇಳಿ ಅವರಿಗೆ ರೂಢಿಯಿರಲಿಲ್ಲ.

ಕಳೆದುಹೋದ ಚಕ್ರದ ಬದಲಿಗೆ, ಮುಂಬಯಿಯಲ್ಲಿ ಬಿಚ್ಚಿ ಹಾಕಿದ ಟ್ಯಾಕ್ಸಿಯೊಂದರ ಚಕ್ರವನ್ನು ಅವರು ಎಲ್ಲಿಂದಲೋ ತರಿಸಿದ್ದಾರೆ. ಅದರ ಮೇಲೆಯೂ ಯಾರದೋ ಅಂಗೈಯ ಗುರುತುಗಳಿವೆ. ಕೂಡಿಸಬೇಕೋ ಬೇಡವೋ, ನಾನಿನ್ನೂ ನಿರ್ಧರಿಸಿಲ್ಲ.

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಈ ಸಲದ ತಪಾಸಣೆ ಹತ್ತಿರ ಬಂದಿರುವುದರಿಂದ ಹೋದ ವಾರ ಮಾಮಾ ಅವರು ಬ್ರೇಕು ಬಿಚ್ಚಿ ನೋಡಿ, ರಬ್ಬರಿನ ಕೊಳವೆಗಳು ಬಿರಿದಿವೆಯೆಂದು ಫೋನು ಮಾಡಿದರು. ಬದಲಿಸಿರೆಂದು ಆ ಕ್ಷಣವೇ ಹೇಳಿದೆ. ಹಳೆಯವನ್ನು ಕಟ್ಟಿ ಇಡುತ್ತೇನೆಂದರು. ‘ಅವನ್ನು ನೀವೇ ಭಂಗಾರಕ್ಕೆ ಹಾಕಿರಿ, ಮಾಮಾ’ ಎಂದೆ.